ಕೆರೆತ ನಿಂತಿತು ಎಂದರೆ ಸೋಂಕು ಹೋಯಿತು ಎಂದಲ್ಲ

ವಿರಾಜಪೇಟೆ ಕಡೆಯ ಕಾಫಿ ತೋಟವೊಂದರಿಂದ 34 ವರ್ಷದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಪತ್ರದ ಸಾರ ಇಷ್ಟು:

"ಮಳೆ ಹಿಡಿದ ಮೇಲೆ ಇದು ಮೂರನೇ ಸಲ. ಒಳಗೆ ತಡೆಯಲಾರದ ಕೆರೆತ, ಉರಿ, ಬಿಳಿ ಹೋಗುವುದು. ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಡುತ್ತಾರೆ. ಹಚ್ಚಿದ ದಿನವೇ ಹಾಯೆನಿಸುತ್ತದೆ, ಬಿಟ್ಟ ವಾರಕ್ಕೆ ಮತ್ತೆ ಶುರು. ಅತ್ತೆ ಉಷ್ಣ ಅನ್ನುತ್ತಾರೆ. ಪಕ್ಕದ ಮನೆಯವರು ಅಡುಗೆಯ ಹುಳಿರಸ ಕಾಚಂಪುಳಿ ಬೆರೆಸಿದ ನೀರಲ್ಲಿ ತೊಳೆ ಅಂದರು. ಯಜಮಾನರಿಂದ ಬಂತೋ ಏನೋ ಎಂಬ ಭಯ ಬೇರೆ. ಡಾಕ್ಟರ ಹತ್ತಿರ ಹೇಳಿಕೊಳ್ಳಲು ನಾಚಿಕೆ."

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಆ ಟ್ಯೂಬ್ ತೆಗೆದು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಎಂಬ ಶಿಲೀಂಧ್ರನಾಶಕದ ಹೆಸರಿನ ಜೊತೆಗೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್ ಬೆರೆತ ಕ್ರೀಮು. ಹಚ್ಚಿದ ದಿನವೇ ಹಾಯೆನಿಸುವುದು ಹೆಚ್ಚಾಗಿ ಅದರಿಂದಲೇ. ಸ್ಟೀರಾಯ್ಡ್ ಕೆಂಪನ್ನೂ ಕೆರೆತವನ್ನೂ ಅಡಗಿಸುತ್ತದೆ. ಆದರೆ ಶಿಲೀಂಧ್ರದ ವಿರುದ್ಧ ಹೋರಾಡಬೇಕಾದ ಚರ್ಮದ ಶಕ್ತಿಯನ್ನೂ ಅದೇ ಕುಗ್ಗಿಸುತ್ತದೆ. ನೀವು ಹಚ್ಚುವುದು ನಿಲ್ಲಿಸಿದೊಡನೆ ಸೋಂಕು ಇನ್ನಷ್ಟು ಜೋರಾಗಿ ಏಳುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಆ ಜಾಗದ ಚರ್ಮ ತೆಳುವಾಗಿ ನೀರು ತಗುಲಿದರೂ ಉರಿಯುತ್ತದೆ. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ನಿಯಮ 2018ರಿಂದಲೇ ಇದೆ. ಆದರೂ ಕೌಂಟರಿನಲ್ಲಿ ಕೇಳಿದವರಿಗೆಲ್ಲ ಸಿಗುತ್ತಿರುವುದು ಬೇಸರದ ಸಂಗತಿ. ಮೇಲಾಗಿ, ಹೊರಗೆ ಹಚ್ಚಿದ ಕ್ರೀಮು ಒಳಗಿನ ಸೋಂಕಿಗೆ ತಲುಪುವುದೇ ಇಲ್ಲ.

ಇನ್ನು, ಇದು ಯೀಸ್ಟ್ ಸೋಂಕೇ ಹೌದೇ? ಕ್ಯಾಂಡಿಡಾ ಎಂಬ ಈ ಶಿಲೀಂಧ್ರ ಹೊರಗಿನಿಂದ ಬಂದದ್ದಲ್ಲ, ಕರುಳಿನಲ್ಲಿ, ಯೋನಿಯಲ್ಲಿ ಅನೇಕರಿಗೆ ಸುಮ್ಮನೆ ಇರುತ್ತದೆ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ತೊಂದರೆ ಕೊಡುತ್ತದೆ. ಆಗ ಒಡೆದ ಹಾಲಿನ ಗಡ್ಡೆಯಂಥ ದಪ್ಪ ಬಿಳಿ ಸ್ರಾವ, ಜೋರು ಕೆರೆತ, ಹೊರತುಟಿಗಳ ಊತ, ಮೂತ್ರ ತಗುಲಿದಾಗ ಉರಿ ಇರುತ್ತದೆ. ವಾಸನೆ ಇರುವುದಿಲ್ಲ. ಸ್ರಾವ ತೆಳುವಾಗಿ, ಬೂದು ಬಣ್ಣಕ್ಕೆ ತಿರುಗಿ, ಮೀನಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಏರುಪೇರು. ನೊರೆಯಾಗಿ ಹಳದಿ-ಹಸಿರು ಬಣ್ಣವಿದ್ದರೆ ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ಅನುಮಾನ. ಈ ಎರಡಕ್ಕೂ ಯೀಸ್ಟ್ ಔಷಧಿ ನಾಟುವುದಿಲ್ಲ. ಅಮೆರಿಕದಲ್ಲಿ ತಾವೇ ಯೀಸ್ಟ್ ಎಂದು ತೀರ್ಮಾನಿಸಿ ಅಂಗಡಿಯಿಂದ ಔಷಧಿ ಕೊಂಡ 95 ಮಹಿಳೆಯರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬರೀ ಯೀಸ್ಟ್ ಇದ್ದದ್ದು ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರ. ತೊಡೆಯ ಸಂದಿಯಲ್ಲಿ ಅಂಚು ಎದ್ದ ವೃತ್ತಗಳಿದ್ದರೆ ಅದು ಹುಳುಕಡ್ಡಿ. ಚಿಕಿತ್ಸೆಯೂ ಬೇರೆ, ಅವಧಿಯೂ ಬೇರೆ. ಕೆರೆತವಿಲ್ಲದೆ, ವಾಸನೆಯಿಲ್ಲದೆ ತಿಂಗಳ ನಡುವೆ ಹೋಗುವ ತಿಳಿಯಾದ ಬಿಳಿ ಮಾತ್ರ ರೋಗವೇ ಅಲ್ಲ. ಅದಕ್ಕೆ ಔಷಧಿ ಬೇಡ, ಅದರಿಂದ ಮೈ ಸೊರಗುವುದೂ ಇಲ್ಲ.

ಯೀಸ್ಟ್ ಎಂದೇ ಖಚಿತವಾದರೆ ಸಾಮಾನ್ಯ ಚಿಕಿತ್ಸೆ ಸರಳ. ಕ್ಲೋಟ್ರಿಮಜೋಲ್ 100 ಮಿಲಿಗ್ರಾಂನ ಯೋನಿ ಮಾತ್ರೆ, ರಾತ್ರಿಗೆ ಒಂದರಂತೆ 6 ರಾತ್ರಿ. ಅಥವಾ ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಮಾತ್ರೆ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಯೋನಿ ಮಾತ್ರೆಯಲ್ಲಿ ಜನ ಎಡವುವುದು ಇಡುವ ರೀತಿಯಲ್ಲಿ. ಮಲಗುವ ಮುಂಚೆ ಕೈ ತೊಳೆದು, ಮಾತ್ರೆಯನ್ನು ಒಂದು ಕ್ಷಣ ನೀರಿನಲ್ಲಿ ಅದ್ದಿ, ಅಂಗಾತ ಮಲಗಿ ಮಂಡಿ ಮಡಚಿ, ನೋವಾಗದಷ್ಟು ಆಳಕ್ಕೆ ತಳ್ಳಿ. ಯೋನಿಯ ಬಾಯಲ್ಲೇ ಬಿಟ್ಟರೆ ಕರಗುವ ಮುಂಚೆ ಜಾರಿ ಬರುತ್ತದೆ. ಇಟ್ಟ ಮೇಲೆ ಓಡಾಡಬೇಡಿ. ಬೆಳಿಗ್ಗೆ ಬಿಳಿ ಪುಡಿ ಹೊರಬಂದರೆ ಗಾಬರಿ ಬೇಡ, ಅದು ಮಾತ್ರೆಯ ಉಳಿಕೆ. ಮುಟ್ಟು ಹತ್ತಿರವಿದ್ದರೆ ಮುಗಿದ ಮೇಲೆ ಶುರು ಮಾಡಿ, ಇಲ್ಲವಾದರೆ ಔಷಧಿ ರಕ್ತದೊಡನೆ ಹೋಗಿಬಿಡುತ್ತದೆ. ಎರಡು ಮೂರು ದಿನಕ್ಕೆ ಕೆರೆತ ತಗ್ಗುತ್ತದೆ. ಬಹಳ ಮಂದಿ ಅಲ್ಲಿಗೇ ಬಿಡುತ್ತಾರೆ. ಆರೂ ಮುಗಿಸಿ. ಮುಗಿಯುವವರೆಗೆ ಸಂಭೋಗ ಬೇಡ. ಇಂಥ ಕೆಲವು ಔಷಧಿಗಳಿಂದ ಕಾಂಡೋಮ್ ಕೂಡ ಸಡಿಲವಾಗಿ ಹರಿಯಬಹುದು.

ಗರ್ಭಿಣಿಯಾಗಿದ್ದರೆ ಅಥವಾ ಆ ಸಾಧ್ಯತೆ ಇದ್ದರೆ ಫ್ಲುಕೊನಜೋಲ್ ನುಂಗಲೇಬಾರದು. ವೈದ್ಯರು ಹೇಳಿದಂತೆ 7 ದಿನ ಯೋನಿ ಔಷಧಿ ಮಾತ್ರ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಗ್ಲಿಮೆಪಿರೈಡ್‌ನಂಥ ಕೆಲವು ಶುಗರ್ ಮಾತ್ರೆಗಳ ಜೊತೆಗೂ ಫ್ಲುಕೊನಜೋಲ್ ತೊಡಕು ಮಾಡುತ್ತದೆ.

ನಿಮ್ಮ ವಿಷಯದಲ್ಲಿ ನಮಗೆ ಮುಖ್ಯವಾಗಿ ಕಾಣುವುದು "ಮೂರನೇ ಸಲ" ಎಂಬ ಮಾತು. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕೆಂದು ಬೇರೆಯಾಗಿ ನೋಡುತ್ತಾರೆ. ಆಗ ಮೊದಲು ಬೇಕಾದದ್ದು ಸಕ್ಕರೆ ಪರೀಕ್ಷೆ. ಬೆಳಗಿನ ಖಾಲಿಹೊಟ್ಟೆಯ ರಕ್ತದಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಮಧುಮೇಹದ ಸೂಚನೆ, ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಎಷ್ಟೋ ಹೆಂಗಸರಿಗೆ ಶುಗರ್ ಇರುವುದು ತಿಳಿದದ್ದೇ ಈ ಕೆರೆತದಿಂದ. ಈಗಾಗಲೇ ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಯೀಸ್ಟ್‌ಗೆ ಅಲ್ಲೇ ಊಟ ಸಿಗುತ್ತದೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಈಚೆಗೆ ಜ್ವರಕ್ಕೋ ಕೆಮ್ಮಿಗೋ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಅದೂ ಕಾರಣವಾಗಬಹುದು.

ಎರಡನೆಯದು, ಸ್ರಾವದ ಪರೀಕ್ಷೆ. ಹತ್ತಿಯ ಕಡ್ಡಿಯಿಂದ ತೆಗೆದ ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಬೇಕಿದ್ದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಹಾಕುತ್ತಾರೆ. ಕ್ಯಾಂಡಿಡಾ ಗ್ಲಬ್ರಾಟಾ ಎಂಬ ಜಾತಿಯಾದರೆ ಫ್ಲುಕೊನಜೋಲ್ ಸರಿಯಾಗಿ ಹಿಡಿಯುವುದಿಲ್ಲ, ಚಿಕಿತ್ಸೆಯೇ ಬದಲಾಗುತ್ತದೆ. ಮಾಮೂಲಿ ಜಾತಿಯೇ ಆದರೆ ಫ್ಲುಕೊನಜೋಲ್ 150 ಅನ್ನು 1, 4, 7ನೇ ದಿನ ಕೊಟ್ಟು, ಆಮೇಲೆ ವಾರಕ್ಕೊಂದರಂತೆ 6 ತಿಂಗಳು ಮುಂದುವರಿಸುವುದು ರೂಢಿ. ಇದು ವೈದ್ಯರ ನಿಗಾದಲ್ಲಿ ಮಾತ್ರ.

ಕಾಚಂಪುಳಿ ಪಂದಿಕರಿಗೇ ಇರಲಿ. ಯೋನಿ ತಾನಾಗಿಯೇ ಹುಳಿ ಗುಣದ್ದು, ಯೀಸ್ಟ್ ಆ ಹುಳಿಯಲ್ಲೇ ಸುಖವಾಗಿ ಬೆಳೆಯುತ್ತದೆ. ಇನ್ನಷ್ಟು ಹುಳಿ ಹಾಕಿದರೆ ಅದಕ್ಕೇನೂ ಆಗದು, ಸುಡುವುದು ನಿಮ್ಮ ಬಿರಿದ ಚರ್ಮ. ಬೆಳ್ಳುಳ್ಳಿ, ಬೇವಿನ ನೀರು, ಆಂಟಿಸೆಪ್ಟಿಕ್ ದ್ರಾವಣ, ಪರಿಮಳದ ವಾಶ್ ಯಾವುದೂ ಒಳಗೆ ಹೋಗಬಾರದು. ಹೊರಗೆ ಬರೀ ಉಗುರುಬೆಚ್ಚನೆ ನೀರು ಸಾಕು. ಅತ್ತೆಯವರು ಹೇಳುವ ಉಷ್ಣಕ್ಕೆ ಎಳನೀರು, ಮಜ್ಜಿಗೆ ಕುಡಿದರೆ ಹಾನಿಯಿಲ್ಲ, ಆದರೆ ಸೋಂಕು ಅದರಿಂದ ಹೋಗದು.

ಮಳೆಗೂ ಇದಕ್ಕೂ ನಂಟಿಲ್ಲದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದೇ ಇಲ್ಲ. ಅರೆ ಒಣಗಿದ ಒಳಉಡುಪು, ಮೇಲೆ ಪ್ಲಾಸ್ಟಿಕ್ ಕೋಟು, ಬೆವರು, ದಿನವಿಡೀ ತೋಟದಲ್ಲಿ ಕೆಲಸ. ಹಸಿಯಾಗಿ ಬೆಚ್ಚಗಿರುವ ಚರ್ಮ ಯೀಸ್ಟ್‌ಗೆ ಅನುಕೂಲ. ಒಳಉಡುಪನ್ನು ನಾಚಿಕೆಯಿಂದ ಸೀರೆಯ ಅಡಿಯಲ್ಲಿ ಒಣಹಾಕದೆ ಒಲೆಯ ಬಿಸಿ ತಾಗುವಲ್ಲಿ ಬಿಡಿಯಾಗಿ ಹರಡಿ, ತೊಡುವ ಮುಂಚೆ ಹೊಲಿಗೆಯ ಮೇಲೆ ಇಸ್ತ್ರಿ ಒತ್ತಿ. ಹತ್ತಿಯದ್ದಿರಲಿ, ಬಿಗಿ ಬೇಡ. ಬುತ್ತಿಯ ಜೊತೆ ಇನ್ನೊಂದು ಜೊತೆಯನ್ನೂ ಒಯ್ದು ಮಧ್ಯಾಹ್ನ ಬದಲಿಸಿ. ಇವೆಲ್ಲ ಆಸರೆ, ಔಷಧಿಯಲ್ಲ.

ಯೀಸ್ಟೇ ಆಗಿದ್ದರೆ ಯಜಮಾನರ ಮೇಲಿನ ಅನುಮಾನ ಬಿಡಿ. ಇದನ್ನು ಲೈಂಗಿಕ ರೋಗಗಳ ಸಾಲಿಗೆ ಸೇರಿಸುವುದಿಲ್ಲ, ಮದುವೆಯಾಗದವರಿಗೂ ಬರುತ್ತದೆ. ಅವರಿಗೆ ಶಿಶ್ನದ ತುದಿಯಲ್ಲಿ ಕೆಂಪು, ಕೆರೆತ ಇದ್ದರೆ ಮಾತ್ರ ಚಿಕಿತ್ಸೆ ಬೇಕು. ಇಲ್ಲದಿದ್ದರೆ ಅವರಿಗೆ ಔಷಧಿ ಕೊಟ್ಟರೂ ನಿಮಗೆ ಮತ್ತೆ ಬರುವುದು ತಪ್ಪದು.

ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಅಥವಾ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಲೇಡಿ ಡಾಕ್ಟರ್ ಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದರೂ ಆದೀತು. ಸರ್ಕಾರಿ ಕೇಂದ್ರದಲ್ಲಿ ಬಿಳಿ ಹೋಗುವುದಕ್ಕೆ ಹಸಿರು ಬಣ್ಣದ ಕಿಟ್ ಕೊಟ್ಟರೆ ಅದರಲ್ಲಿ ಫ್ಲುಕೊನಜೋಲ್ ಜೊತೆ ಸೆಕ್ನಿಡಜೋಲ್ ಎಂಬ ಇನ್ನೊಂದು ಮಾತ್ರೆಯೂ ಇರುತ್ತದೆ. ಪರೀಕ್ಷೆಯ ಅನುಕೂಲವಿಲ್ಲದಲ್ಲಿ ಎರಡೂ ಬಗೆಯ ಸೋಂಕಿಗೆ ಒಟ್ಟಿಗೆ ಕೊಡುವ ಏರ್ಪಾಡು ಅದು. ಮೂರನೇ ಸಲವಾದ್ದರಿಂದ ನೀವು ಕಿಟ್‌ಗೆ ತೃಪ್ತರಾಗದೆ ಪರೀಕ್ಷೆ ಕೇಳಿ. ಬಾಯಿ ಬಿಟ್ಟು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ: ಎಷ್ಟನೇ ಸಲ, ಸ್ರಾವದ ಬಣ್ಣ, ವಾಸನೆ, ಕೊನೆಯ ಮುಟ್ಟಿನ ದಿನಾಂಕ, ನುಂಗುತ್ತಿರುವ ಮಾತ್ರೆಗಳು. ಖಾಲಿ ಟ್ಯೂಬನ್ನೂ ಒಯ್ಯಿರಿ. ಹೋಗುವ ಎರಡು ಮೂರು ದಿನ ಮೊದಲಿನಿಂದ ಏನನ್ನೂ ಹಚ್ಚಬೇಡಿ, ಇಲ್ಲದಿದ್ದರೆ ಪರೀಕ್ಷೆಯಲ್ಲಿ ಯೀಸ್ಟ್ ಕಾಣದೆ ಹೋಗಬಹುದು. ಆದರೆ ಜ್ವರ, ಕಿಬ್ಬೊಟ್ಟೆ ನೋವು, ಮುಟ್ಟಿಲ್ಲದ ವೇಳೆ ರಕ್ತ, ಹುಣ್ಣು ಅಥವಾ ಗುಳ್ಳೆ ಕಂಡರೆ ಕಾಯಬೇಡಿ, ಅಂದೇ ಹೊರಡಿ.