ಚಿಕ್ಕ ಕಾಲೇಜಿನಲ್ಲಿ ಮನೋವಿಜ್ಞಾನ ಪದವಿ ಓದಿದರೆ ನಷ್ಟವೇ?

ನಷ್ಟವೇನಿಲ್ಲ. ಆದರೆ ಸೇರುವ ಮುನ್ನ ಅಲ್ಲಿ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನವನ್ನು ಯಾರು, ಹೇಗೆ ಕಲಿಸುತ್ತಾರೆ ಎಂದು ವಿಚಾರಿಸಿ. ಮನಸ್ಸನ್ನು ಅರಿಯಲು ಬಂದವರು ಅಂಕಿಗಳನ್ನು ಕಂಡು ಕಂಗಾಲಾಗುವುದು ಹಳೆಯ ಕಥೆ. ಜರ್ಮನಿಯ ಮನೋವಿಜ್ಞಾನಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದ ಕಾಲದಿಂದಲೂ ಈ ಶಾಸ್ತ್ರದಲ್ಲಿ ಅಳತೆಗೆ ದೊಡ್ಡ ಸ್ಥಾನವಿದೆ.

ದುಬಾರಿ ಯಂತ್ರಗಳಿಲ್ಲವೆಂದು ಹಿಂಜರಿಯಬೇಡಿ. 1935ರಲ್ಲಿ ಪ್ರಕಟವಾದ ಸ್ಟ್ರೂಪ್ ಪ್ರಯೋಗವನ್ನು ಕಾಗದ, ಬಣ್ಣದ ಶಾಯಿ, ಸ್ಟಾಪ್‌ವಾಚ್ ಇದ್ದರೆ ಮಾಡಬಹುದು. ನೀಲಿ ಶಾಯಿಯಲ್ಲಿ ‘ಕೆಂಪು’ ಎಂದು ಬರೆದು, ಶಾಯಿಯ ಬಣ್ಣ ಹೇಳಿ ಎಂದರೆ ನಾಲಿಗೆ ತಡವರಿಸುತ್ತದೆ. ಆ ತಡವನ್ನೇ ಅಳೆಯುವುದು. ಹದಿನೈದು ಮಂದಿಯ ತರಗತಿಯಲ್ಲಿ ಪ್ರತಿಯೊಬ್ಬರೂ ಇದನ್ನು ತಾವೇ ಮಾಡಿ, ವರದಿ ಬರೆದು, ಸಾಲುಸಾಲಾಗಿ ತಿದ್ದಿಸಿಕೊಳ್ಳಬಹುದು. ಮುನ್ನೂರು ಮಂದಿಯ ಸಭಾಂಗಣದಲ್ಲಿ ಆ ಭಾಗ್ಯವೆಲ್ಲಿ? ಮುಂದೆ ಶಿಫಾರಸು ಪತ್ರ ಬೇಕಾದಾಗಲೂ ನಿಮ್ಮ ಕೆಲಸ ಬಲ್ಲವರು ಬರೆದದ್ದಕ್ಕೇ ತೂಕ.

ಕೊರತೆ ಕಾಣುವುದು ಐಚ್ಛಿಕ ವಿಷಯಗಳಲ್ಲಿ. ಇಬ್ಬರು ಮೂವರೇ ಅಧ್ಯಾಪಕರಿದ್ದರೆ ನರವಿಜ್ಞಾನದಂಥ ವಿಷಯ ಸಿಗದಿರಬಹುದು. ಒಬ್ಬರು ದೀರ್ಘ ರಜೆ ಹಾಕಿದರೆ ಒಂದು ಪತ್ರಿಕೆಯೇ ಆ ವರ್ಷ ಮಾಯ. ನಿಮ್ಮ ರಜಾದಿನಗಳಲ್ಲಿ ಬೇರೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಆ ಕೊರತೆಯನ್ನು ತುಂಬಿಕೊಳ್ಳಿ. ಇನ್ನು, ಚಿಕಿತ್ಸಕರಾಗುವ ಆಸೆಯಿದ್ದರೆ ಕಾಲೇಜು ಚಿಕ್ಕದಿರಲಿ ದೊಡ್ಡದಿರಲಿ, ಈ ಪದವಿಯೊಂದೇ ಸಾಲದು. ಸ್ನಾತಕೋತ್ತರ ಓದು, ಮೇಲ್ವಿಚಾರಣೆಯ ತರಬೇತಿ ಎರಡಕ್ಕೂ ವರ್ಷಗಳನ್ನು ಎತ್ತಿಡಬೇಕು.