ಕೇಬಲ್ ಬದಲಿಸಬೇಡಿ ಅಕ್ಕಾವರೆ, ಫೈರ್‌ವಾಲ್ ಹಾಕಿಸಿ

ಪ್ರಶ್ನೆ: ಅಣ್ಣಾವರೆ, ಗದಗ-ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಲೆಕ್ಕಪತ್ರ ನೋಡುತ್ತೇನೆ. ಕಳೆದ ಭಾನುವಾರ ಎಲ್ಲರ ಫೈಲು ಇರುವ ಸರ್ವರ್ ಬದಲಿಸಿದರು. ವಿಂಡೋಸ್ ಸರ್ವರ್ 2012 ಆರ್2 ಇದ್ದ ಹಳೇ ಮಷಿನ್ ತೆಗೆದು, ಸರ್ವರ್ 2022 ಇರುವ ಹೊಸದು ಕೂರಿಸಿದರು. ಹೆಸರು, ಐಪಿ ನಂಬರ್ ಹಳೇವೇ ಇವೆ. ಸೋಮವಾರ ಒಂಬತ್ತು ಕಂಪ್ಯೂಟರ್‌ಗಳಲ್ಲಿ ಒಂದರಲ್ಲೂ ಶೇರ್ ಫೋಲ್ಡರ್ ತೆರೆಯಲಿಲ್ಲ. ಸರ್ವರ್‌ಗೆ ‘ಇದ್ದೀಯಾ’ ಅಂತ ಪಿಂಗ್ ಮಾಡಿದರೂ ಉತ್ತರ ಇಲ್ಲ. ಸರ್ವರ್‌ನಲ್ಲಿ ಇಂಟರ್‌ನೆಟ್ ಮಾತ್ರ ಚೆನ್ನಾಗಿ ಬರುತ್ತದೆ. ಕೂರಿಸಿದವರು ಬಂದು ಸರ್ವರ್‌ನ ಫೈರ್‌ವಾಲ್ (ಹೊರಗಿನವರನ್ನು ತಡೆಯುವ ಕಾವಲು) ಬಂದ್ ಮಾಡಿದರು, ಎಂಟು ಸರಿಯಾದವು. ಪ್ಲೇಟ್ ರೂಮಿನ (ಛಾಪಿಸುವ ಪ್ಲೇಟ್ ಮಾಡುವ ಕೋಣೆ) ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ಗೆ ಇನ್ನೂ ಸರ್ವರ್ ಸಿಗುತ್ತಿಲ್ಲ, ಝೆರಾಕ್ಸ್ ಮಷಿನ್‌ನಿಂದ ಸ್ಕ್ಯಾನ್ ಕೂಡ ಹೋಗುತ್ತಿಲ್ಲ. ‘ಕೇಬಲ್, ಸ್ವಿಚ್ ಎಲ್ಲ ಹೊಸದು ಹಾಕಿಸಿ, ಫೈರ್‌ವಾಲ್ ಹೀಗೇ ಇರಲಿ’ ಅನ್ನುತ್ತಾರೆ. ಲಗ್ನಪತ್ರಿಕೆ ಸೀಸನ್ ಬೇರೆ. ಏನು ಮಾಡಲಿ?

ಉತ್ತರ: ಅಕ್ಕಾವರೆ, ಕೇಬಲ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೇಬಲ್ ಕೆಟ್ಟಿದ್ದರೆ ಫೈರ್‌ವಾಲ್ ಬಂದ್ ಮಾಡಿದ ಕೂಡಲೇ ಎಂಟು ಕಂಪ್ಯೂಟರ್ ಹೇಗೆ ಸರಿಯಾಗುತ್ತಿದ್ದವು? ಪಿಂಗ್‌ಗೆ ಉತ್ತರ ಬರಲಿಲ್ಲ ಅಂದರೆ ವೈರ್ ಹೋಗಿದೆ ಅಂತಲ್ಲ. ಫೈರ್‌ವಾಲ್ ತಡೆದರೂ ಹಾಗೇ ಆಗುತ್ತದೆ. ಮುಂದೆ ಯಾವಾಗಾದರೂ ಸಂಶಯ ಬಂದರೆ ಹೀಗೆ ಮಾಡಿ. ಸರ್ವರ್‌ಗೆ ಒಮ್ಮೆ ಪಿಂಗ್ ಮಾಡಿ. ಉತ್ತರ ಬರದಿದ್ದರೂ ಅದೇ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) ಎ-ಆರ್-ಪಿ, ಒಂದು ಸ್ಪೇಸ್, ಅಡ್ಡಗೆರೆ, ಎ (arp -a) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಬಂದ ಪಟ್ಟಿಯಲ್ಲಿ ಸರ್ವರ್‌ನ ಐಪಿ ನಂಬರ್, ಅದರ ಎದುರಿಗೆ ಆರು ಜೋಡಿ ಅಕ್ಷರ-ಅಂಕಿ ಕಂಡರೆ ವೈರೂ ಸ್ವಿಚ್ಚೂ ಸರಿ ಇವೆ. ‘ಈ ಐಪಿ ಯಾರದು’ ಅಂತ ಕಂಪ್ಯೂಟರ್ ಕೇಳುವ ಈ ವಿಚಾರಣೆಯನ್ನು ವಿಂಡೋಸ್ ಫೈರ್‌ವಾಲ್ ತಡೆಯುವುದಿಲ್ಲ.

ನಿಮ್ಮಲ್ಲಿ ಆಗಿರುವುದು ಇಷ್ಟೇ. ವಿಂಡೋಸ್ ಹೊಸ ನೆಟ್‌ವರ್ಕ್ ಕಂಡಾಗ ಅದನ್ನು ‘ಪಬ್ಲಿಕ್’ ಅಂದುಕೊಳ್ಳುತ್ತದೆ, ಬಸ್‌ಸ್ಟ್ಯಾಂಡಿನ ವೈಫೈ ಇದ್ದ ಹಾಗೆ. ತಾನು ಹೊರಗೆ ಹೋಗುತ್ತದೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ಸರ್ವರ್‌ನಲ್ಲಿ ಇಂಟರ್‌ನೆಟ್ ಬಂತು, ನೀವು ಬಾಗಿಲಲ್ಲೇ ನಿಂತಿರಿ. ಹುಬ್ಬಳ್ಳಿಯ ದಾಜಿಬಾನ ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲೂ ನಾನು ಇದನ್ನೇ ಕಂಡೆ. ಮಾಲಕರು ಆಗಲೇ ಹೊಸ ಸ್ವಿಚ್ ತಂದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅದನ್ನು ವಾಪಸ್ ಕಳಿಸಿದೆವು.

ಸರ್ವರ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರಲ್ಲಿ ಈಥರ್ನೆಟ್ ಒತ್ತಿ. ‘ಪಬ್ಲಿಕ್’ ಇದ್ದದ್ದನ್ನು ‘ಪ್ರೈವೇಟ್’ ಮಾಡಿ. ಆಮೇಲೆ ಫೈರ್‌ವಾಲ್ ತಿರುಗಿ ಹಾಕಿ. ಫೋಲ್ಡರ್ ತೆರೆಯದಿದ್ದರೆ ಫೈರ್‌ವಾಲ್‌ನ ಅನುಮತಿ ಪಟ್ಟಿಯಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎದುರಿಗೆ ಪ್ರೈವೇಟ್ ಕಾಲಂನಲ್ಲಿ ಟಿಕ್ ಇದೆಯಾ ನೋಡಿ. ಮುಂದೆ ರೌಟರ್ ಬದಲಿಸಿದರೆ ಮತ್ತೆ ಪಬ್ಲಿಕ್ ಆಗಬಹುದು, ನೆನಪಿರಲಿ. ಫೈರ್‌ವಾಲ್ ಬಂದ್ ಇಟ್ಟುಕೊಂಡು ಮಾತ್ರ ಒಂದು ದಿನವೂ ಇರಬೇಡಿ. ನಿಮ್ಮ ಲೆಕ್ಕ, ಗಿರಾಕಿಗಳ ಫೈಲು ಎಲ್ಲ ಅದೇ ಡಬ್ಬಿಯಲ್ಲಿವೆ ಅಲ್ವಾ?

ಈಗ ಪ್ಲೇಟ್ ರೂಮು. ಪ್ಲೇಟ್ ಮಷಿನ್‌ನ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡುವುದಿಲ್ಲ, ಅದಕ್ಕೇ ಎಕ್ಸ್‌ಪಿ ಉಳಿದಿರಬೇಕು. ಎಷ್ಟೋ ಪ್ರೆಸ್‌ಗಳ ಕಥೆ ಇದೇ. ಫೈಲ್ ಹಂಚಿಕೊಳ್ಳಲು ಎಕ್ಸ್‌ಪಿಗೆ ಬರುವ ಭಾಷೆ ಒಂದೇ, ಎಸ್‌ಎಂಬಿ-1. ನಿಮ್ಮ 2012 ಆರ್2ಗೆ ಅದು ಅರ್ಥವಾಗುತ್ತಿತ್ತು. ಸರ್ವರ್ 2022ರಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ. ‘ಒಂದು ಟಿಕ್ ಹಾಕಿದರೆ ಬರುತ್ತದೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಜಗತ್ತಿನ ತುಂಬ ಹರಡಿದ್ದು ಎಸ್‌ಎಂಬಿ-1ರ ತೂತಿನಿಂದಲೇ. ಆ ವಾರ ನಾನು ವಿದ್ಯಾನಗರ, ಗೋಕುಲ ರಸ್ತೆಯ ಆಫೀಸುಗಳಿಗೆಲ್ಲ ಅಲೆದು ಅದನ್ನು ಬಂದ್ ಮಾಡಿಸಿದ್ದೇನೆ. ಒಂದು ಹಳೇ ಕಂಪ್ಯೂಟರ್‌ಗೋಸ್ಕರ ಇಡೀ ಸರ್ವರ್‌ನ ಬಾಗಿಲು ತೆಗೆಯಲು ನಾನಂತೂ ಹೇಳಲಾರೆ.

ಬದಲಿಗೆ ಸರ್ವರ್‌ನಲ್ಲಿ ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು ದಾರಿ) ಹಾಕಿಸಿ. ಎಕ್ಸ್‌ಪಿಗೆ ಅದು ಬರುತ್ತದೆ. ಪ್ಲೇಟ್ ಫೋಲ್ಡರ್ ಒಂದೇ ಕಾಣುವ ಹಾಗೆ ಬೇರೆ ಯೂಸರ್ ಮಾಡಿಸಿ, ಫೈರ್‌ವಾಲ್‌ನಲ್ಲಿ ಆ ಕಂಪ್ಯೂಟರ್‌ನ ಐಪಿಗೆ ಮಾತ್ರ ಅನುಮತಿ ಕೊಡಿಸಿ. ಎಕ್ಸ್‌ಪಿಯಲ್ಲಿ ಗೇಟ್‌ವೇ ನಂಬರ್ (ಹೊರಗೆ ಹೋಗುವ ದಾರಿಯ ಐಪಿ) ಅಳಿಸಿಬಿಡಿ, ಅದು ಇಂಟರ್‌ನೆಟ್ ಕಡೆ ಹೋಗುವುದೇ ಬೇಡ. ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈ ಬಿಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ಇದೆಲ್ಲ ಆಗುವ ತನಕ ಲಗ್ನಪತ್ರಿಕೆಗಳ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಆ ಕೆಲಸಕ್ಕೆ ಅದೊಂದನ್ನೇ ಇಟ್ಟುಕೊಳ್ಳಿ, ಪ್ರತಿ ಸಲ ವೈರಸ್ ಸ್ಕ್ಯಾನ್ ಮಾಡಿ.

ಝೆರಾಕ್ಸ್ ಮಷಿನ್‌ನಲ್ಲಿ ಮೊದಲು ಯೂಸರ್, ಪಾಸ್‌ವರ್ಡ್ ನೋಡಿ. ಹಳೇ ಸರ್ವರ್‌ನಲ್ಲಿದ್ದ ಆ ಯೂಸರ್ ಹೊಸದರಲ್ಲಿ ಇಲ್ಲದೇ ಇರಬಹುದು. ಅದು ಸರಿ ಇದ್ದರೆ ಮೆನುವಿನಲ್ಲಿ ಎಸ್‌ಎಂಬಿ-1ರ ಹೊಸ ರೂಪಗಳಾದ ಎಸ್‌ಎಂಬಿ-2 ಅಥವಾ 3 ಆರಿಸಲು ಬರುತ್ತದಾ ನೋಡಿ. ಬರದಿದ್ದರೆ ಸರ್ವಿಸ್‌ನವರಿಗೆ ಫರ್ಮ್‌ವೇರ್ (ಮಷಿನ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೇಳಿ. ಅದೂ ಇಲ್ಲ ಅಂದರೆ, ಪ್ಲೇಟ್ ರೂಮಿಗೆ ಹೇಗೂ ಎಫ್‌ಟಿಪಿ ಹಾಕಿಸುತ್ತೀರಿ, ಸ್ಕ್ಯಾನ್‌ಗೂ ಬೇರೆ ಫೋಲ್ಡರ್, ಬೇರೆ ಯೂಸರ್ ಮಾಡಿ, ಫೈರ್‌ವಾಲ್‌ನಲ್ಲಿ ಝೆರಾಕ್ಸ್ ಮಷಿನ್‌ನ ಐಪಿಗೂ ಅನುಮತಿ ಕೊಡಿಸಿ, ಅದರಲ್ಲೇ ಕಳಿಸಿ.