ಮೆಸೇಜಿನಿಂದ ಮಕ್ಕಳ ಕನ್ನಡ ಕೆಡುತ್ತದೆಯೇ?

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾಳೆ. ಪರೀಕ್ಷೆಯಲ್ಲಿ ‘ಮಳೆಯಿಲ್ಲದೆ ರೈತನ ಬೆಲೆ ಒಣಗಿತು’ ಎಂದು ಬರೆದಿದ್ದಾಳೆ. ಫೋನ್ ಕಿತ್ತಿಡಲೇ?

ಉತ್ತರ: ಬೇಡ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಅಷ್ಟು ಸಲವೂ ಪೋಷಕರು ಮೊದಲು ಫೋನಿಗೇ ಕೈ ಹಾಕಿರುತ್ತಾರೆ. ಗದ್ದೆಯಲ್ಲಿರುವುದು ಏನು, ಅಂಗಡಿಯಲ್ಲಿ ಕೇಳುವುದು ಏನು ಎಂದು ಅವಳ ಬಾಯಲ್ಲಿ ಹೇಳಿಸಿ. ‘ಬೆಳೆ’, ‘ಬೆಲೆ’ ಎರಡೂ ಸರಿಯಾಗಿ ಬಂದರೆ ಅವಳ ಭಾಷೆ ಗಟ್ಟಿಯಾಗಿಯೇ ಇದೆ. ತಪ್ಪಿರುವುದು ಕೈಯ ರೂಢಿ. ಬಿ-ಇ-ಎಲ್-ಇ ಎಂದು ಒತ್ತಿದರೆ ಬೆಲೆಯೂ ಆಯಿತು, ಬೆಳೆಯೂ ಆಯಿತು, ಬೇಳೆಯೂ ಆಯಿತು. ಗೆಳತಿ ಹೇಗೂ ಅರ್ಥ ಮಾಡಿಕೊಳ್ಳುತ್ತಾಳೆ. ಹೀಗಾಗಿ ‘ಳ’ ಬರೆಯುವ ಸಂದರ್ಭವೇ ಅವಳಿಗೆ ಬರುವುದಿಲ್ಲ.

ಈ ರೂಢಿ ಶುರು ಮಾಡಿದ್ದು ನಾವು ದೊಡ್ಡವರೇ. ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಯುವುದು ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ ಬರೀ 70. ಕೊಂಬು, ಒತ್ತು ಕೂಡ ಅದರಲ್ಲೇ ಲೆಕ್ಕ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆವು.

ಮೆಸೇಜು ಮಿದುಳು ಹಾಳು ಮಾಡುತ್ತದೆ ಎಂದು ಹೆದರಿಸುವವರ ಮಾತು ಕೇಳಬೇಡಿ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಕವೆಂಟ್ರಿ ವಿಶ್ವವಿದ್ಯಾಲಯದ ಅಧ್ಯಯನ 10ರಿಂದ 12 ವರ್ಷದ 88 ಮಕ್ಕಳದು. ಮೊಟಕು ಪದ ಜಾಸ್ತಿ ಬಳಸುವವರೇ ಪದ ಓದುವುದರಲ್ಲಿ ಮುಂದಿದ್ದರು. ಮೊಟಕು ಮಾಡಬೇಕಾದರೆ ಪದದ ಸದ್ದು ಗೊತ್ತಿರಬೇಕು ಅಲ್ವಾ? ಆದರೆ ಅವರು ಬರೆದದ್ದು ಅವರದೇ ಲಿಪಿಯಲ್ಲಿ. ಆ ಸಮಾಧಾನವನ್ನು ಕನ್ನಡಕ್ಕೆ ಹಾಗೇ ತರಲು ನಾನು ಒಪ್ಪುವುದಿಲ್ಲ.

ಅವಳ ಫೋನಿಗೆ ಕನ್ನಡ ಅಕ್ಷರಗಳೇ ಕಾಣುವ ಕೀಬೋರ್ಡ್ ಹಾಕಿಕೊಡಿ. ಇಂಗ್ಲಿಷ್ ಒತ್ತಿದರೆ ಕನ್ನಡವಾಗುವುದು ಬೇಡ, ಅಲ್ಲಿ ಪದ ಬರೆಯುವುದು ಫೋನು, ಅವಳು ಸುಮ್ನೆ ಆರಿಸುತ್ತಾಳೆ. ನೀವೂ ಅವಳಿಗೆ ಕನ್ನಡದಲ್ಲೇ ಮೆಸೇಜ್ ಮಾಡಿ. ದಿನಸಿ ಚೀಟಿ ಕೈಯಲ್ಲಿ ಬರೆಸಿ: ತೊಗರಿಬೇಳೆ, ಹುರುಳಿಕಾಳು, ಬೆಳ್ಳುಳ್ಳಿ, ಎಳ್ಳು. ತಪ್ಪಿದರೆ ರೇಗಬೇಡಿ, ಪಕ್ಕದಲ್ಲಿ ಸರಿಯಾಗಿ ಬರೆದು ತೋರಿಸಿ. ಓದುವಾಗಲೂ ಅಕ್ಷರ ಅಕ್ಷರಕ್ಕೆ ತಡವರಿಸುತ್ತಿದ್ದರೆ ಅದು ಮೆಸೇಜಿನ ತೊಂದರೆಯಲ್ಲ. ತಡ ಮಾಡದೆ ಕಲಿಕೆಯ ತೊಂದರೆ ಪರೀಕ್ಷಿಸುವ ಮನಶ್ಶಾಸ್ತ್ರಜ್ಞರಿಗೆ ತೋರಿಸಿ.

ಪ್ರಶ್ನೆ: ‘21 ದಿನದಲ್ಲಿ ಭಾಷಾಶಕ್ತಿ’ ಕೋರ್ಸಿನ ಜತೆ ನೆನಪಿನ ಸಿರಪ್ಪೂ ಕೊಡುತ್ತಾರಂತೆ. ಸೇರಿಸಲೇ?

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಕಾಗುಣಿತ ಕಲಿಸುವ ಔಷಧ ಯಾವುದೂ ಇಲ್ಲ.

ಪ್ರಶ್ನೆ: ಆರು ವರ್ಷದ ಮಗ ಅಜ್ಜಿಗೆ ವಾಯ್ಸ್ ಮೆಸೇಜ್ ಮಾತ್ರ ಕಳಿಸುತ್ತಾನೆ.

ಉತ್ತರ: ಕಳಿಸಲಿ ಬಿಡಿ. ಆ ವಯಸ್ಸಿಗೆ ಅಷ್ಟು ಕನ್ನಡ ಮಾತಾಡಿದರೆ ಒಳ್ಳೆಯದೇ.